ಉಪ್ಪಿನ ಜಾಡು ಹಿಡಿದ ಜ್ಞಾನಚಂದ್ರ ಘೋಷ್

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಹಾಸ್ಟೆಲ್‌ಗೆ ಬಂದವರಿಗೆ ಸವಳು ನೆಲ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನೀರು ನಿಂತ ಎರೆ ಹೊಲ ಒಣಗಿದರೆ ಮ್ಯಾಲೆ ಬಿಳಿ ಪುಡಿ ಏಳತದ. ಮಳೆ ಬಂತಂದ್ರ ಅದೇ ಪುಡಿ ಕರಗಿ ಕಾಣದಂಗ ಆಗತದ. ಹತ್ತನೇ ಕ್ಲಾಸಿನಲ್ಲಿ ಸರ್ ಆಮ್ಲ, ಪ್ರತ್ಯಾಮ್ಲ, ಲವಣ ಅಂತ ಪಟ್ಟಿ ಬರೆಸಿ ಲಿಟ್ಮಸ್ ಬಣ್ಣ ಬಾಯಿಪಾಠ ಮಾಡಿಸಿದರು. ನೀರಿಗೆ ಬಿದ್ದ ಉಪ್ಪು ಎಷ್ಟು ಪಾಲು ಒಡೆಯುತ್ತದೆ ಅಂತ ನಾವು ಯಾರೂ ಕೇಳಲಿಲ್ಲ. ಅದನ್ನು ಕೇಳಿದವರಲ್ಲಿ ಒಬ್ಬರು ಮುಂದೆ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ ನಿರ್ದೇಶಕರಾಗಿ ಬಂದರು. ಅವರೇ ಜ್ಞಾನಚಂದ್ರ ಘೋಷ್.

ಹುಟ್ಟಿದ್ದು ಈಗಿನ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ. ಓದಿದ್ದು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ, ಪ್ರಫುಲ್ಲಚಂದ್ರ ರಾಯರ ಕೈಕೆಳಗೆ. ಅದೇ ಕಾಲೇಜಿನಲ್ಲಿ ಜೊತೆಗೆ ಓದುತ್ತಿದ್ದವರು ಮೇಘನಾದ ಸಹಾ ಮತ್ತು ಸತ್ಯೇಂದ್ರನಾಥ ಬೋಸ್. ಎಂಥಾ ಬ್ಯಾಚು ನೋಡ್ರಿ! ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪ್ ಬಗ್ಗೆ ಇಲ್ಲಿ ಮಾತು ಬ್ಯಾಡ.

ಆಗ ರಸಾಯನಶಾಸ್ತ್ರದಲ್ಲಿ ಒಂದು ತಲೆನೋವಿತ್ತು. ಆಮ್ಲ, ಕ್ಷಾರ, ಲವಣಗಳು ನೀರಿನಲ್ಲಿ ಅಯಾನುಗಳಾಗಿ ಒಡೆಯುತ್ತವೆ ಎಂದು ಸ್ವೀಡನ್ನಿನ ಅರೇನಿಯಸ್ ತೋರಿಸಿದ್ದರು. ಆದರೆ ಅವರ ಲೆಕ್ಕದಲ್ಲಿ ಸ್ವಲ್ಪ ಪಾಲು ಒಡೆಯುತ್ತದೆ, ಉಳಿದದ್ದು ಹಾಗೇ ಇರುತ್ತದೆ. ಇದರ ಮೇಲೆ ಆಸ್ಟ್‌ವಾಲ್ಡ್ ಕಟ್ಟಿದ ಸೂತ್ರ ವಿನೆಗರ್‌ನ ಅಸಿಟಿಕ್ ಆಮ್ಲಕ್ಕೆ ಚೆನ್ನಾಗಿ ಹೊಂದುತ್ತಿತ್ತು. ಹೈಡ್ರೋಕ್ಲೋರಿಕ್ ಆಮ್ಲ, ಕಾಸ್ಟಿಕ್ ಸೋಡಾ, ಅಡುಗೆ ಉಪ್ಪು ಬಂದ ಕೂಡಲೇ ಕೈಕೊಡುತ್ತಿತ್ತು.

ಘೋಷ್ ಇದನ್ನು ಹರಳಿನ ಕಡೆಯಿಂದ ನೋಡಿದರು. ಉಪ್ಪಿನ ಹರಳಿನೊಳಗೆ ಸೋಡಿಯಂ ಮತ್ತು ಕ್ಲೋರಿನ್ ಸಾಲಾಗಿ ಜೋಡಿಸಿಕೊಂಡಿರುವುದನ್ನು ಬ್ರಾಗ್ ತಂದೆ-ಮಗ ಎಕ್ಸ್‌ರೇ ಹಾಯಿಸಿ ತೋರಿಸಿದ್ದರಲ್ಲ? ಅಲ್ಲಿರುವುದೇ ಅಯಾನುಗಳಾದರೆ ನೀರಿನಲ್ಲಿ ಹೊಸದಾಗಿ ಒಡೆಯಲು ಉಳಿದಿರುವುದಾದರೂ ಏನು? ಪ್ರಬಲ ಲವಣ ಪೂರ್ತಿ ಅಯಾನುಗಳಾಗಿಯೇ ಇರುತ್ತದೆ, ಆದರೆ ಅವು ಒಂದನ್ನೊಂದು ಎಳೆಯುತ್ತವೆ, ಆ ಎಳೆತ ಮೀರುವಷ್ಟು ಶಕ್ತಿ ಇರುವ ಅಯಾನುಗಳು ಮಾತ್ರ ವಿದ್ಯುತ್ ಒಯ್ಯುತ್ತವೆ ಎಂದು 1918ರಲ್ಲಿ ಪ್ರಕಟಿಸಿದರು. ಪೂರ್ತಿ ಒಡೆಯುತ್ತದೆ ಎಂಬ ಮಾತನ್ನು ಡೆನ್ಮಾರ್ಕಿನ ಬ್ಯೆರುಮ್ 1909ರಲ್ಲೇ ಹೇಳಿದ್ದರು. ಎಳೆತಕ್ಕೆ ಲೆಕ್ಕ ಕಟ್ಟಿ ಸೂತ್ರ ಕೊಡಲು ಹೊರಟದ್ದು ಘೋಷರ ಧೈರ್ಯ. ವಯಸ್ಸು ಇಪ್ಪತ್ತೈದರ ಆಸುಪಾಸು! ಆಮೇಲೆ ಲಂಡನ್ನಿಗೆ ಹೋದರು, 1921ರಲ್ಲಿ ಹೊಸ ಢಾಕಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

1923ರಲ್ಲಿ ಪೆಟ್ಟು ಬಿತ್ತು. ನೀರಿನೊಳಗೂ ಅಯಾನುಗಳು ಹರಳಿನಂತೆಯೇ ಸಾಲಾಗಿ ನಿಂತಿರುತ್ತವೆ ಎಂದು ಘೋಷ್ ಊಹಿಸಿದ್ದರು. ಹಾಗಾಗಿ ಅವರ ಸೂತ್ರದಲ್ಲಿ ಸಾರತೆಯ ಘನಮೂಲ ಬರುತ್ತಿತ್ತು. ಕೋಲ್‌ರೌಷ್ ಅಳೆದಿಟ್ಟಿದ್ದ ಅಂಕಿಗಳು ಹೇಳುತ್ತಿದ್ದದ್ದು ವರ್ಗಮೂಲ. ಡಿಬೈ ಮತ್ತು ಹ್ಯೂಕೆಲ್, ಅಯಾನುಗಳು ಸಾಲಾಗಿ ನಿಲ್ಲೋದಿಲ್ಲ, ಪ್ರತಿಯೊಂದರ ಸುತ್ತ ವಿರುದ್ಧ ಅಯಾನುಗಳ ಮೋಡ ಓಡಾಡುತ್ತಿರುತ್ತದೆ ಎಂದು ಲೆಕ್ಕ ಹಾಕಿ ಆ ವರ್ಗಮೂಲವನ್ನೇ ತಂದುಬಿಟ್ಟರು. ಘೋಷ್ ನಿಯಮ ಪಠ್ಯದಿಂದ ಹೊರಗೆ ಬಿತ್ತು. ಅವರು ಪಟ್ಟು ಹಿಡಿದ ಮೊದಲರ್ಧ ಮಾತ್ರ ಉಳಿಯಿತು. ಪುಸ್ತಕದಲ್ಲಿ ಅಸಿಟಿಕ್ ಆಮ್ಲಕ್ಕೆ ಎರಡು ಕಡೆಗೂ ಬಾಣ, ಹೈಡ್ರೋಕ್ಲೋರಿಕ್‌ಗೆ ಒಂದೇ ಕಡೆಗೆ ಬಾಣ ಹಾಕಿರುತ್ತಾರೆ. ಆ ಒಂಟಿ ಬಾಣದ ಹಿಂದೆ ಇಷ್ಟೆಲ್ಲಾ ಜಗಳ ಇದೆ.

1939ರಲ್ಲಿ ಬೆಂಗಳೂರಿಗೆ ಬಂದರು. ಇಲ್ಲಿ ನಮ್ಮಂಥ ಎಂಜಿನಿಯರಿಂಗ್ ಮಂದಿ ಕಿವಿಗೊಡಬೇಕು. ಯುದ್ಧದ ಕಾಲ, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆಗಷ್ಟೇ ಶುರುವಾಗಿತ್ತು. ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ, ಆಮೇಲೆ ಲೋಹಶಾಸ್ತ್ರ ವಿಭಾಗ ತೆರೆದದ್ದು ಈ ರಸಾಯನಶಾಸ್ತ್ರಜ್ಞರ ಕಾಲದಲ್ಲೇ. ದೇಶದ ಮೊದಲ ಐಐಟಿಯನ್ನು ಖರಗಪುರದ ಹಿಜಲಿಯಲ್ಲಿ ಶುರುಮಾಡುವಾಗಲೂ ಮೊದಲ ನಿರ್ದೇಶಕರು ಇವರೇ. ಅದು ಬ್ರಿಟಿಷರು ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಬಂದೀಖಾನೆ. 1931ರಲ್ಲಿ ಅಲ್ಲೇ ಇಬ್ಬರು ಬಂದಿಗಳನ್ನು ಗುಂಡಿಟ್ಟು ಕೊಂದಿದ್ದರು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಕಟ್ಟಡದಲ್ಲಿ ಪಾಠ ನಡೆಯುತ್ತಿತ್ತು.

1954ರಲ್ಲಿ ಖರಗಪುರ ಬಿಟ್ಟು ಕಲ್ಕತ್ತಾ ವಿಶ್ವವಿದ್ಯಾಲಯದ ಕುಲಪತಿಯಾದರು, ನಂತರ ಯೋಜನಾ ಆಯೋಗದ ಸದಸ್ಯರಾದರು. 1959ರ ಜನವರಿ 21ರಂದು ತೀರಿಕೊಂಡರು.