ಕುರ್ಚಿ ಬೇಡವೆಂದ ನಟಸಾರ್ವಭೌಮ

2006ರ ಏಪ್ರಿಲ್ 12. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ರಜೆಯಲ್ಲಿದ್ದೆ. ಡಾ. ರಾಜ್‌ಕುಮಾರ್ ತೀರಿಕೊಂಡರೆಂಬ ಸುದ್ದಿ ಬಂದಾಗ ಪೀಣ್ಯದ ವರ್ಕ್‌ಶಾಪುಗಳ ಶಟರುಗಳು ಒಂದೊಂದಾಗಿ ಇಳಿದವು. ಟರ್ನರ್ ಆಗಿದ್ದ ನಮ್ಮ ತಂದೆ ಬಸ್ಸಿಲ್ಲದೆ ನಡೆದೇ ಮನೆಗೆ ಬಂದು, ಊಟ ಮಾಡದೆ ಮಲಗಿದರು. ಅಷ್ಟೊಂದು ದುಃಖ ಏಕೆಂದು ಆಗ ನನಗೆ ಅರ್ಥವಾಗಿರಲಿಲ್ಲ. ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಬರೆಯಲು ಕುಳಿತಾಗ ಅದೇ ನೆನಪಾಯಿತು.

ಮುತ್ತುರಾಜು ಹುಟ್ಟಿದ್ದು 1929ರ ಏಪ್ರಿಲ್ 24ರಂದು, ಗಾಜನೂರಿನಲ್ಲಿ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ರಂಗನಟರು. ಬಡತನದಿಂದಾಗಿ ಹುಡುಗನ ಓದು ಪ್ರಾಥಮಿಕ ಶಾಲೆಯಲ್ಲೇ ನಿಂತಿತು. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯೇ ಮುಂದಿನ ಪಾಠಶಾಲೆಯಾಯಿತು. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ 'ಬೇಡರ ಕಣ್ಣಪ್ಪ' ಚಿತ್ರದಿಂದ ಅವರು ನಾಯಕ ನಟ ರಾಜ್‌ಕುಮಾರ್ ಆದರು. 1972ರ 'ಬಂಗಾರದ ಮನುಷ್ಯ'ದಲ್ಲಿ ಹಳ್ಳಿಗೆ ಬಂದು ಬಂಜರು ನೆಲ ಹಸನು ಮಾಡುವ ರಾಜೀವಪ್ಪನಾಗಿ ಮನೆಮನೆಗೂ ಬಂದರು. ಶಾಲೆ ಪೂರೈಸದ ಅವರಿಗೆ 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು. ನಮ್ಮ ಪ್ರೌಢಶಾಲೆ ಆರಂಭವಾದದ್ದೂ ಅದೇ ವರ್ಷ.

ಎಂಬತ್ತರ ದಶಕದ ಆರಂಭ ನಾಡು ಕುದಿಯುತ್ತಿದ್ದ ಕಾಲ. 1980ರಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರು ಗುಂಡಿಗೆ ಬಲಿಯಾಗಿದ್ದರು. ಅದರ ಬೆನ್ನಿಗೇ ಎಚ್‌ಎಂಟಿ, ಬಿಇಎಲ್, ಐಟಿಐ ಮೊದಲಾದ ಕಾರ್ಖಾನೆಗಳ ಕಾರ್ಮಿಕರು 77 ದಿನ ಮುಷ್ಕರ ಹೂಡಿದ್ದರು. ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು ವಿ.ಕೃ. ಗೋಕಾಕರ ಸಮಿತಿ 1981ರಲ್ಲಿ ವರದಿ ಕೊಟ್ಟರೂ ಗುಂಡೂರಾವ್ ಅವರ ಸರ್ಕಾರ ಮೀನಮೇಷ ಎಣಿಸಿತು. ಸಾಹಿತಿಗಳು ಆರಂಭಿಸಿದ ಚಳವಳಿಗೆ 1982ರಲ್ಲಿ ರಾಜ್‌ಕುಮಾರ್ ಧುಮುಕಿದರು. ಚಿತ್ರರಂಗವನ್ನು ಜತೆಗೆ ಕರೆದುಕೊಂಡು ಊರೂರು ಸುತ್ತಿದರು. ಅದುವರೆಗೆ ವಿದ್ವಾಂಸರ ವಾದವಾಗಿದ್ದದ್ದು ಕೂಲಿಕಾರರ, ಆಟೋ ಚಾಲಕರ, ಗೃಹಿಣಿಯರ ಮಾತಾಯಿತು.

1983ರ ಜನವರಿಯ ಚುನಾವಣೆಯಲ್ಲಿ ಗುಂಡೂರಾವ್ ಸೋತರು. ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಚಳವಳಿಯೊಂದೇ ಅದಕ್ಕೆ ಕಾರಣವಲ್ಲ, ರೈತರ ಸಿಟ್ಟೂ ಇತ್ತು. ಆ ಹೊತ್ತಿಗೆ ತಮಿಳುನಾಡಿನಲ್ಲಿ ಎಂಜಿಆರ್ ಮುಖ್ಯಮಂತ್ರಿ. ಆಂಧ್ರದಲ್ಲಿ ಎನ್‌ಟಿಆರ್ ಪಕ್ಷ ಕಟ್ಟಿ ಒಂದು ವರ್ಷದೊಳಗೆ ಗದ್ದುಗೆ ಏರಿದರು. ರಾಜ್‌ಕುಮಾರ್ ಅವರಿಗೂ ದಾರಿ ತೆರೆದಿತ್ತು. ಅವರು ಪಕ್ಷ ಕಟ್ಟಲಿಲ್ಲ, ಚುನಾವಣೆಗೆ ನಿಲ್ಲಲಿಲ್ಲ. ಬಣ್ಣ ಹಚ್ಚಲು ಹಿಂತಿರುಗಿದರು.

ಮುಂದೆ ಫಾಲ್ಕೆ ಪ್ರಶಸ್ತಿ ಬಂತು. 2000ದ ಜುಲೈ 30ರಂದು ಗಾಜನೂರಿನಿಂದ ವೀರಪ್ಪನ್ ಅಪಹರಿಸಿದಾಗ 108 ದಿನ ಕಾಡಿನಲ್ಲಿ ಕಳೆದು ಬಂದರು. ತೀರಿಕೊಂಡ ಮೇಲೆ ಅವರ ಕಣ್ಣುಗಳು ಬೇರೆಯವರಿಗೆ ಬೆಳಕಾದವು. ಆದರೆ ಅದೇ ಹೊತ್ತಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಾಹನಗಳು ಉರಿದವು, ಗಲಭೆಯಲ್ಲಿ ಒಬ್ಬ ಪೊಲೀಸ್ ಸಿಬ್ಬಂದಿಯೂ ಸೇರಿ ಹಲವರು ಸತ್ತರು. ಅಭಿಮಾನಿಗಳನ್ನು ದೇವರೆಂದು ಕರೆದವರಿಗೆ ಸಲ್ಲುವ ವಿದಾಯ ಅದಲ್ಲ. ಪೀಣ್ಯಕ್ಕೆ ಹತ್ತಿರದ ಕಂಠೀರವ ಸ್ಟುಡಿಯೋದಲ್ಲಿ ಅವರ ಸಮಾಧಿ ಇದೆ.

ನಾನು ಈ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು. ಪಿಯುಸಿಯಲ್ಲಿ ಇಂಗ್ಲಿಷ್ ಪಾಠ ಅರ್ಥವಾಗದೆ ಅತ್ತಿದ್ದೂ ಉಂಟು. ಆದರೂ ಬಿ.ಇ. ಮುಗಿಸಿ ಇಂದು ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಲೆಕ್ಕ, ತರ್ಕ ಎರಡನ್ನೂ ನಾನು ಮೊದಲು ಕಲಿತದ್ದು ಕನ್ನಡದಲ್ಲೇ. ಹಾಗಿದ್ದೂ ನನ್ನ ಮಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ್ದೇನೆ. ಇದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. ನಮ್ಮಂಥ ಹಳೆಯ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನರ ಕಥೆ ಇದೇ ಇರಬೇಕು.

ಈಗ ಪ್ರತಿ ಭಾನುವಾರ ಸಂಜೆ ಮಗಳಿಗೆ ಕನ್ನಡ ಓದು, ಬರಹ ಕಲಿಸುತ್ತಿದ್ದೇನೆ. ಅವಳ ಪಕ್ಕದಲ್ಲಿ ಕೂತು ಒತ್ತಕ್ಷರ ತಿದ್ದುವವರು ನಮ್ಮ ತಂದೆ. ಅಂದು ಅವರು ಊಟ ಬಿಟ್ಟದ್ದೇಕೆಂದು ಈಗ ಸ್ವಲ್ಪ ಅರ್ಥವಾಗುತ್ತಿದೆ.