ನೀಹಾರಿಕೆಯ ಛಾಯಾಗ್ರಾಹಕ ಆಂಡ್ರೂ ಏನ್ಸ್‌ಲಿ ಕಾಮನ್

ಮನುಷ್ಯನ ಹಗಲು ಜೀವನೋಪಾಯಕ್ಕೆ ಸಲ್ಲುವುದು. ಇರುಳು ಅವನದಾಗಿಯೇ ಉಳಿಯುವುದು. ಆ ಇರುಳನ್ನು ಜ್ಞಾನಕ್ಕೆ ಮುಡಿಪಾಗಿಟ್ಟ ಮಹನೀಯರಲ್ಲಿ ಆಂಡ್ರೂ ಏನ್ಸ್‌ಲಿ ಕಾಮನ್ ಅವರು ಸ್ಮರಣೀಯರು.

1841ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ ಶಸ್ತ್ರವೈದ್ಯರೊಬ್ಬರ ಪುತ್ರರಾಗಿ ಜನಿಸಿದ ಇವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಮಗನ ಕುತೂಹಲವನ್ನರಿತ ತಾಯಿ ಪರಿಚಿತ ವೈದ್ಯರಿಂದ ದೂರದರ್ಶಕವೊಂದನ್ನು ಎರವಲು ತಂದುಕೊಟ್ಟರು. ಅಂದು ಬಿದ್ದ ಬೀಜ ಬಹುಕಾಲದ ಮೇಲೆ ಮೊಳೆಯಿತು. ನೈರ್ಮಲ್ಯ ಎಂಜಿನಿಯರಿಂಗ್ ವೃತ್ತಿಯಲ್ಲಿದ್ದುಕೊಂಡೇ ಕಾಮನ್ ಅವರು 1879ರಲ್ಲಿ ಲಂಡನ್ ಸಮೀಪದ ಈಲಿಂಗಿನ ತಮ್ಮ ಮನೆಯ ತೋಟದಲ್ಲಿ 36 ಅಂಗುಲದ ಕನ್ನಡಿಯುಳ್ಳ ದೂರದರ್ಶಕವನ್ನು ನಿಲ್ಲಿಸಿದರು. ಕನ್ನಡಿಯನ್ನು ರೂಪಿಸಿದವರು ಜಾರ್ಜ್ ಕ್ಯಾಲ್ವರ್.

ಮಹಾವ್ಯಾಧ ನಕ್ಷತ್ರಪುಂಜದ ಖಡ್ಗಭಾಗದಲ್ಲಿ ಬರಿಗಣ್ಣಿಗೂ ಮಂಜಿನಂತೆ ತೋರುವ ನೀಹಾರಿಕೆಯೊಂದುಂಟು. ಅದನ್ನು ವೀಕ್ಷಿಸಿದವರು ಅಲ್ಲಿಯವರೆಗೆ ಕೈಯಿಂದಲೇ ಚಿತ್ರಿಸುತ್ತಿದ್ದರು. ಒಬ್ಬರ ಚಿತ್ರ ಇನ್ನೊಬ್ಬರದನ್ನು ಹೋಲುತ್ತಿರಲಿಲ್ಲ. ಬದಲಾದುದು ನೀಹಾರಿಕೆಯೋ, ಬರೆದ ಕೈಯೋ ಎಂಬುದು ನಿರ್ಣಯವಾಗದೆ ಉಳಿದಿತ್ತು. 1880ರ ಸೆಪ್ಟೆಂಬರ್ 30ರಂದು ಅಮೆರಿಕದ ವೈದ್ಯ ಹೆನ್ರಿ ಡ್ರೇಪರ್ 51 ನಿಮಿಷಗಳ ಕಾಲ ಬೆಳಕೊಡ್ಡಿ ಅದರ ಪ್ರಥಮ ಛಾಯಾಚಿತ್ರವನ್ನು ಪಡೆದರು. 1882ರಲ್ಲಿ ಅವರು ಅಕಾಲಮೃತ್ಯುವಿಗೆ ತುತ್ತಾದರು.

ಕಾಮನ್ ಅವರ ಮೊದಲ ಯತ್ನಗಳು ಫಲಿಸಲಿಲ್ಲ. ಭೂಮಿ ತಿರುಗುತ್ತಿರುವುದರಿಂದ ದೂರದರ್ಶಕವೂ ನಕ್ಷತ್ರಗಳನ್ನು ಎಡೆಬಿಡದೆ ಹಿಂಬಾಲಿಸಬೇಕು. ಅಣುಮಾತ್ರ ತಪ್ಪಿದರೂ ಚುಕ್ಕೆ ಗೆರೆಯಾಗುವುದು. ಭಾರವಾದ ಯಂತ್ರದ ಘರ್ಷಣೆಯನ್ನು ತಗ್ಗಿಸಲು ಅವರು ಅದರ ಅಕ್ಷವನ್ನು ಪಾದರಸದಲ್ಲಿ ತೇಲುವಂತೆ ರಚಿಸಿದ್ದರು. ಅದನ್ನು ನಡೆಸುವ ಗಡಿಯಾರಯಂತ್ರವನ್ನೂ ತಿದ್ದಿದರು. 1883ರ ಜನವರಿ 30ರ ರಾತ್ರಿ, ರಾಸಾಯನಿಕ ಲೇಪದ ಒಣ ಗಾಜುಫಲಕವನ್ನು 37 ನಿಮಿಷಗಳ ಕಾಲ ಬೆಳಕಿಗೊಡ್ಡಿದರು. ಅದೇ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದರೂ ಕಾಣದ ನಕ್ಷತ್ರಗಳು ಫಲಕದ ಮೇಲೆ ಮೂಡಿದ್ದವು! ಕಣ್ಣು ಬೆಳಕನ್ನು ಕೂಡಿಡಲಾರದು. ಫಲಕವು ಹನಿಹನಿಯಾಗಿ ಸಂಗ್ರಹಿಸಬಲ್ಲುದು. ಮಾನವನ ಕಣ್ಣೇ ಆಕಾಶದ ಪರಮಸಾಕ್ಷಿಯೆಂಬ ನಂಬಿಕೆ ಅಂದಿಗೆ ಸಡಿಲಿತು.

1884ರಲ್ಲಿ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯು ಅವರಿಗೆ ಸುವರ್ಣಪದಕವನ್ನಿತ್ತು ಗೌರವಿಸಿತು. ವೃತ್ತಿಯಿಂದ ಖಗೋಳವಿಜ್ಞಾನಿಯಲ್ಲದ ಅವರು 1895ರಲ್ಲಿ ಅದೇ ಸಂಸ್ಥೆಯ ಅಧ್ಯಕ್ಷಪೀಠವನ್ನಲಂಕರಿಸಿದರು. ಆ ದೂರದರ್ಶಕವನ್ನು ಅವರಿಂದ ಕೊಂಡಿದ್ದ ಎಡ್ವರ್ಡ್ ಕ್ರಾಸ್ಲಿಯವರು ಅದನ್ನು 1895ರಲ್ಲಿ ಕ್ಯಾಲಿಫೋರ್ನಿಯದ ಲಿಕ್ ವೀಕ್ಷಣಾಲಯಕ್ಕೆ ದಾನವಾಗಿ ನೀಡಿದರು. ಅಲ್ಲಿ ಜೇಮ್ಸ್ ಕೀಲರ್ ಅದರಿಂದಲೇ ಅನೇಕ ನೀಹಾರಿಕೆಗಳ ಛಾಯಾಚಿತ್ರಗಳನ್ನು ತೆಗೆದರು.

1903ರಲ್ಲಿ ಕಾಮನ್ ಅವರು ದಿವಂಗತರಾದರು. ಬಾಲಕನೊಬ್ಬನಿಗೆ ತಾಯಿ ಎರವಲು ತಂದಿತ್ತ ಒಂದು ಉಪಕರಣದಿಂದ ಮೊದಲಾದ ಕಾರ್ಯವು ದಾನವಾಗಿ ಸಂದ ಮತ್ತೊಂದು ಉಪಕರಣದಲ್ಲಿ ಅವರ ಅನಂತರವೂ ಮುಂದುವರಿಯಿತು.