ದೈವಸಂಕಲ್ಪ ಮತ್ತು ಮಾನವಪ್ರಯತ್ನ

ಮಗ ಪರೀಕ್ಷೆಯಲ್ಲಿ ನಪಾಸಾದನೆಂದು ಮರುಗುತ್ತ ಮಠಕ್ಕೆ ಬರುವ ಹಿರಿಯರಿಗೆ ನಾವು ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಬಾಳನ್ನು ನೆನಪಿಸುತ್ತೇವೆ.

1887ರಲ್ಲಿ ಈರೋಡಿನಲ್ಲಿ ಜನಿಸಿ ಕುಂಭಕೋಣದಲ್ಲಿ ಬೆಳೆದ ಅವರು ಗಣಿತವೊಂದರಲ್ಲೇ ಮುಳುಗಿ ಉಳಿದ ವಿಷಯಗಳನ್ನು ಕಡೆಗಣಿಸಿದರು. ಕಾಲೇಜಿನ ವಿದ್ಯಾರ್ಥಿವೇತನ ಕೈತಪ್ಪಿತು. 1905ರಲ್ಲಿ ಮನೆಬಿಟ್ಟು ವಿಶಾಖಪಟ್ಟಣಕ್ಕೆ ಓಡಿಹೋದರು. ಮುಂದೆ ಮದರಾಸಿನಲ್ಲಿ ಓದಿದರೂ ಎಫ್.ಎ. ಪರೀಕ್ಷೆ ದಕ್ಕಲಿಲ್ಲ. ಪದವಿಯಿಲ್ಲ, ಮನೆಯಲ್ಲಿ ಬಡತನ. ಆದರೂ ಲೆಕ್ಕ ಬಿಡಲಿಲ್ಲ. 1912ರಲ್ಲಿ ಮದರಾಸು ಬಂದರಿನ ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತರಾದರು. 1913ರಲ್ಲಿ ಕೇಂಬ್ರಿಡ್ಜಿನ ವಿದ್ವಾಂಸ ಹಾರ್ಡಿಯವರಿಗೆ ತಾವೇ ಪತ್ರ ಬರೆದರು. ಮರುವರ್ಷ ಅಲ್ಲಿಗೆ ತೆರಳಿ, 1918ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು. 1920ರಲ್ಲಿ, ತಮ್ಮ 32ನೆಯ ವಯಸ್ಸಿನಲ್ಲೇ ಕಾಲವಶರಾದರು.

ನಾಮಕ್ಕಲ್ಲಿನ ನಾಮಗಿರಿ ದೇವಿಯ ಕೃಪೆಯಿಂದಲೇ ಸೂತ್ರಗಳು ಹೊಳೆಯುತ್ತವೆಂದು ಅವರು ನಂಬಿದ್ದರು. ಆದರೆ ಹಗಲಿರುಳು ಸ್ಲೇಟಿನ ಮೇಲೆ ಬರೆದು, ಮೊಣಕೈಯಿಂದ ಒರೆಸಿ, ಮತ್ತೆ ಬರೆದವರು ಅವರೇ. ಆಯುಷ್ಯ ಅವರ ಕೈಯಲ್ಲಿರಲಿಲ್ಲ. ದುಡಿಮೆ ಅವರ ಕೈಯಲ್ಲಿತ್ತು.

ನಪಾಸಾದ ಮಕ್ಕಳೆಲ್ಲ ರಾಮಾನುಜನ್ ಆಗಲಾರರು, ನಿಜ. ಶಿವಸಂಕಲ್ಪವನ್ನು ಒಂದು ಅಂಕಪಟ್ಟಿಯಲ್ಲಿ ಓದಲು ನಮ್ಮಿಂದಾಗದು. ಆದ್ದರಿಂದ ಸೋತ ಮಗುವಿನ ಹಣೆಬರಹವನ್ನು ಹಳಿಯಬೇಡಿ. ಹತ್ತಿರ ಕೂರಿಸಿಕೊಂಡು ಉಣಬಡಿಸಿ, ಅದರ ಕೈಗೊಪ್ಪುವ ಕಾಯಕ ಯಾವುದೆಂದು ಕೇಳಿರಿ.